ಅಂಗವಿಕಲರ ಸಂಬಳ ಬಿಟ್ಟರೆ ಕಾರ್ಡೂ ಹೋಗುತ್ತಾ?

ಪ್ರಶ್ನೆ: ಮೇಷ್ಟ್ರೇ, ನನಗೆ ಪೋಲಿಯೋ ಆಗಿ ಬಲಗಾಲು ಊನ. ಸರ್ಟಿಫಿಕೇಟಿನಲ್ಲಿ 55 ಪರ್ಸೆಂಟ್ ಅಂತ ಇದೆ. ಇಪ್ಪತ್ತೆರಡು ವರ್ಷದಿಂದ ಅಂಗವಿಕಲರ ಸಂಬಳ, ಅಂದರೆ ತಿಂಗಳ ಪಿಂಚಣಿ, ಬರುತ್ತಿದೆ. ಈ ಯುಗಾದಿಗೆ 65 ತುಂಬಿತು. ವಯಸ್ಸಾದವರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಹಾಕಿಕೊಂಡರೆ ಜಾಸ್ತಿ ಬರುತ್ತೆ ಅಂತಾರೆ. ಆದರೆ ಹಾಗೆ ಮಾಡಿದರೆ ಅಂಗವಿಕಲರ ಪಟ್ಟಿಯಿಂದಲೇ ಹೆಸರು ತೆಗೀತಾರಂತೆ. ಅಂಗವಿಕಲರ ಕಾರ್ಡು, ಬಸ್ ಪಾಸು ಎಲ್ಲಾ ಹೋಗುತ್ತಂತೆ. ನಿಜವಾ?
ಬೇಲೂರು ತಾಲೂಕಿನಿಂದ ಒಬ್ಬರು

ಉತ್ತರ: ನಿಜ ಅಲ್ಲ. ಸಂಧ್ಯಾ ಸುರಕ್ಷಾಗೆ ಹಾಕಿಕೊಳ್ಳಿ. ನಿಮ್ಮ ಕಾರ್ಡು ನಿಮ್ಮ ಹತ್ತಿರವೇ ಇರುತ್ತೆ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಸಂತೆಯಲ್ಲಿ ಕೇಳಿದ್ದಾರೆ, ನಾಡಕಚೇರಿ ಮೆಟ್ಟಿಲ ಮೇಲೆ ಕೇಳಿದ್ದಾರೆ, ತಿಥಿ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಹೇಳಿದ ದಿನ ತಲೆ ಆಡಿಸುತ್ತಾರೆ. ಮಾರನೇ ದಿನ ಯಾರೋ ಹೆದರಿಸಿದರು ಅಂತ ಸುಮ್ಮನಾಗುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆತನಕ ಓದಿ.

ಮೊದಲು ದುಡ್ಡಿನ ಲೆಕ್ಕ. 2021ರ ಜುಲೈನಲ್ಲಿ ಸರ್ಕಾರ ಮೊತ್ತ ಏರಿಸಿತಲ್ಲ, ಅದರ ಪ್ರಕಾರ 40ರಿಂದ 75 ಪರ್ಸೆಂಟ್ ಒಳಗಿನವರಿಗೆ ಅಂಗವಿಕಲರ ಸಂಬಳ ತಿಂಗಳಿಗೆ 800 ರೂಪಾಯಿ. ಸಂಧ್ಯಾ ಸುರಕ್ಷಾ 1200. ಅಂದರೆ ತಿಂಗಳಿಗೆ 400, ವರ್ಷಕ್ಕೆ 4800 ರೂಪಾಯಿ ವ್ಯತ್ಯಾಸ. ಬಿ.ಪಿ. ಮಾತ್ರೆಗೆ, ಸಿಲಿಂಡರಿಗೆ ಆಗುವ ದುಡ್ಡು ಅದು. ನೀವು 55 ಪರ್ಸೆಂಟಿನವರು, 65 ತುಂಬಿದೆ. ನಿಮಗೆ ಬದಲಾಯಿಸುವುದೇ ಲಾಭ. 75 ಪರ್ಸೆಂಟಿಗಿಂತ ಜಾಸ್ತಿ ಇರುವವರಿಗೆ 1400 ಬರುತ್ತದೆ. ಅವರು ಇದ್ದಲ್ಲೇ ಇರಲಿ, ಬದಲಾಯಿಸಿದರೆ 200 ಕಳೆದುಕೊಳ್ಳುತ್ತಾರೆ. ಎರಡನ್ನೂ ಒಟ್ಟಿಗೆ ತಗೊಳ್ಳುವ ಹಾಗಿಲ್ಲ. ಒಬ್ಬರಿಗೆ ಒಂದೇ ಪಿಂಚಣಿ.

ಇನ್ನು ಆ ಹಳೇ ಭಯ. ‘ಸಂಬಳ ಬದಲಾಯಿಸಿದರೆ ಸರ್ಕಾರದ ಲೆಕ್ಕದಲ್ಲಿ ನೀವು ಅಂಗವಿಕಲರೇ ಅಲ್ಲ’ ಅನ್ನುವ ಮಾತು. ಇದು ಹೇಗೆ ಹುಟ್ಟಿತು ಅಂತ ನನಗೆ ಗೊತ್ತು. ನಮ್ಮವರು ಎಲ್ಲಾ ಕಾಗದವನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಆಸ್ಪತ್ರೆ ಸರ್ಟಿಫಿಕೇಟು, ಕಾರ್ಡು, ತಹಶೀಲ್ದಾರರ ಮಂಜೂರಾತಿ ಆದೇಶ, ಬಸ್ ಪಾಸು, ಎಲ್ಲಾ ಒಂದೇ ಕಡೆ. ಎಲ್ಲದರ ಮೇಲೂ ‘ಅಂಗವಿಕಲ’ ಅಂತ ಬರೆದಿದೆ. ಹಾಗಾಗಿ ಎಲ್ಲಾ ಒಂದೇ ಬೇರಿನವು, ಒಂದನ್ನು ಕಿತ್ತರೆ ಎಲ್ಲಾ ಕಿತ್ತುಬರುತ್ತವೆ ಅಂದುಕೊಳ್ಳುತ್ತಾರೆ.

ಅವು ಒಂದೇ ಬೇರಿನವಲ್ಲ. ಶಾಲೆಯಲ್ಲಿ ಹೇಳುತ್ತಿದ್ದ ಹಾಗೆ ಒಂದೊಂದಾಗಿ ಹೇಳುತ್ತೇನೆ.

ಸರ್ಟಿಫಿಕೇಟು ಮತ್ತು ಯು.ಡಿ.ಐ.ಡಿ. ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಬರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿಂದ. ಅದು ಕೇಂದ್ರದ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ನಿಮ್ಮ ಕಾಲು ಎಷ್ಟು ಊನ ಅಂತ ನೋಡಿ ಬರೆಯುವವರು ಡಾಕ್ಟರು. ಅವರು ನಿಮಗೆ ಎಷ್ಟು ಸಂಬಳ ಬರುತ್ತೆ ಅಂತ ಕೇಳುವುದೇ ಇಲ್ಲ. ಪಿಂಚಣಿ ಕಂದಾಯ ಇಲಾಖೆಯದ್ದು. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ ವರದಿ, ತಾಲೂಕು ಕಚೇರಿಯ ಆದೇಶ. ತಾಲೂಕು ಕಚೇರಿ ತಾನು ಮಂಜೂರು ಮಾಡಿದ ಪಿಂಚಣಿಯನ್ನು ನಿಲ್ಲಿಸಬಹುದು. ಡಾಕ್ಟರು ಬರೆದ 55 ಪರ್ಸೆಂಟನ್ನು ಅಲ್ಲಿಂದ ಅಳಿಸುವುದಕ್ಕೆ ಆಗುವುದಿಲ್ಲ. ನಿಮ್ಮ ಕಾಲು ಇವತ್ತೂ ಹಾಗೇ ಇದೆ ಅಲ್ವಾ?

2024ರಲ್ಲಿ ಬಂದ ಹೊಸ ನಿಯಮದಲ್ಲಿ ಕಾರ್ಡಿಗೆ ಬಣ್ಣ ಗೊತ್ತುಮಾಡಿದ್ದಾರೆ. 40 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ನೋಡಿ, ಬಣ್ಣ ಕೊಟ್ಟಿರುವುದು ಪರ್ಸೆಂಟಿಗೆ. ಪಿಂಚಣಿ ತಗೊಳ್ಳುವವರಿಗೆ ಒಂದು, ಬಿಟ್ಟವರಿಗೆ ಒಂದು ಅಂತ ಎಲ್ಲೂ ಇಲ್ಲ.

ಬಸ್ ಪಾಸು ಕೆ.ಎಸ್.ಆರ್.ಟಿ.ಸಿ.ಯದ್ದು. ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡುವ ವರ್ಷಾವಧಿ ಪಾಸಿಗೆ ಅವರು ನೋಡುವುದು ಕಾರ್ಡು ಮತ್ತು ವಿಳಾಸ. ರೈಲಿನದ್ದೂ ಬೇರೆಯೇ. ಹಿರಿಯ ನಾಗರಿಕರ ರೈಲು ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದರು, ಆದರೆ ವಿಕಲಚೇತನರ ರಿಯಾಯಿತಿ ಉಳಿಯಿತು. ಹಾಗಾಗಿ ವಯಸ್ಸಾದವರ ಪಿಂಚಣಿಗೆ ಹೋದಿರಿ ಅಂತ ಕಾರ್ಡನ್ನು ಪೆಟ್ಟಿಗೆ ತಳಕ್ಕೆ ಹಾಕಬೇಡಿ. ಜೋಪಾನವಾಗಿ ಇಟ್ಟುಕೊಳ್ಳಿ.

‘ಇಲ್ಲ ಮೇಷ್ಟ್ರೇ, ನಮ್ಮೂರಲ್ಲಿ ಒಬ್ಬರಿಗೆ ನಿಜವಾಗಲೂ ಪಾಸು ನಿಂತಿತು’ ಅನ್ನುತ್ತಾರೆ. ಅಂಥ ಒಂದು ಕೇಸನ್ನು ನಾನೇ ವಿಚಾರಿಸಿದೆ. ಅವರ ಸರ್ಟಿಫಿಕೇಟು ತಾತ್ಕಾಲಿಕದ್ದು. ಅದರ ಅವಧಿ ಮುಗಿದಿತ್ತು. ಅದೇ ಹೊತ್ತಿಗೆ ಪಿಂಚಣಿಯೂ ಬದಲಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ನಿಮ್ಮ ಸರ್ಟಿಫಿಕೇಟಿನಲ್ಲಿ ‘ಶಾಶ್ವತ’ ಅಂತ ಇದೆಯಾ, ಅವಧಿ ಹಾಕಿದ್ದಾರಾ ಅಂತ ಇವತ್ತೇ ನೋಡಿ.

ಈ ಭಯಕ್ಕೆ ಇನ್ನೊಂದು ಕಾರಣವೂ ಇದೆ. ಸಂಧ್ಯಾ ಸುರಕ್ಷಾ ಶುರುವಾಗಿದ್ದು 2007ರಲ್ಲಿ. ಅದು 600ರಿಂದ 1000 ಆಗಿದ್ದು 2018ರಲ್ಲಿ. ಆಗ ನಿಮ್ಮಂಥವರ ಅಂಗವಿಕಲರ ಸಂಬಳ 600ರಲ್ಲೇ ನಿಂತಿತು. ಅದಕ್ಕೆ ಮೊದಲು ಬದಲಾಯಿಸಿದರೆ ಲಾಭವೇನೂ ಇರಲಿಲ್ಲ. ‘ಯಾಕೆ ಸುಮ್ನೆ ಓಡಾಡ್ತೀಯಾ, ಇರೋದು ಇರಲಿ ಬಿಡು’ ಅಂತ ಹಿರಿಯರು ಹೇಳಿದ್ದು ಆವತ್ತಿಗೆ ಸರಿ. ಕಾಲ ಬದಲಾಯಿತು, ಮಾತು ಹಾಗೇ ಉಳಿಯಿತು.

ನನ್ನ ದೊಡ್ಡಮ್ಮನಿಗೂ ಪೋಲಿಯೋ. 65 ತುಂಬಿದ ಮೇಲೂ ನಾಲ್ಕು ವರ್ಷ ಈ ಭಯದಲ್ಲೇ ಕೂತಿದ್ದರು. ಮನೆಯಲ್ಲೇ ನನ್ನಂಥ ಮೇಷ್ಟ್ರು ಇದ್ದರೂ ಅವರು ನಂಬಿದ್ದು ಪಕ್ಕದ ಬೀದಿಯವರ ಮಾತನ್ನು. ನಾಲ್ಕು ವರ್ಷಕ್ಕೆ 19,200 ರೂಪಾಯಿ ಹೋಯಿತು. ಒಂದು ಸಂಜೆ ಕೂರಿಸಿಕೊಂಡು ಅವರ ಕವರು ಬಿಚ್ಚಿ ಮೂರು ಕವರು ಮಾಡಿದೆ. ಒಂದು ಆಸ್ಪತ್ರೆಯದ್ದು, ಒಂದು ತಾಲೂಕು ಕಚೇರಿಯದ್ದು, ಒಂದು ಬಸ್ಸಿನದ್ದು. ಆಗ ಅರ್ಥವಾಯಿತು. ಅರ್ಜಿಗೆ ಅವರೇ ಹೆಬ್ಬೆಟ್ಟು ಒತ್ತಿದರು. ಪಾಠ ಹೇಳಿದ ಇಷ್ಟು ವರ್ಷದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪಾಠಗಳಲ್ಲಿ ಅದೂ ಒಂದು.

ಅರ್ಜಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ‘ನನ್ನ ಹಳೇದನ್ನು ರದ್ದು ಮಾಡಿ’ ಅಂತ ಮೊದಲೇ ಬರೆದುಕೊಡಬೇಡಿ. ಹೊಸ ಅರ್ಜಿಯಲ್ಲೇ ಹಳೇ ಆದೇಶದ ನಂಬರ್ ಬರೆದು, ಅದರ ಬದಲಿಗೆ ಸಂಧ್ಯಾ ಸುರಕ್ಷಾ ಮಂಜೂರು ಮಾಡಿ ಅಂತ ಕೇಳಿ. ಹಳೇ ಪಿಂಚಣಿಯನ್ನು ಮುಚ್ಚಿಡಬೇಡಿ, ಆಧಾರ್ ನಂಬರಿನಲ್ಲಿ ಅದು ಕಂಡೇ ಕಾಣುತ್ತೆ. ಸಕಾಲದ (ಗೊತ್ತಾದ ದಿನದೊಳಗೆ ಸರ್ಕಾರಿ ಕೆಲಸ ಮಾಡಿಕೊಡುವ ವ್ಯವಸ್ಥೆ) 15 ಅಂಕಿಯ ನಂಬರ್ ಇರುವ ರಸೀದಿ ತಗೊಳ್ಳದೆ ಎದ್ದು ಬರಬೇಡಿ. ಹುಟ್ಟಿದ ತಾರೀಕೂ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಹಿರಿಯರ ಆಧಾರಿನಲ್ಲಿ ಜನವರಿ 1 ಅಂತ ಇರುತ್ತೆ. ಕೆಲವರಿಗೆ ಸರ್ಟಿಫಿಕೇಟಿನಲ್ಲಿ ಒಂದು ವಯಸ್ಸು, ಆಧಾರಿನಲ್ಲಿ ಇನ್ನೊಂದು. ಅರ್ಜಿ ನಿಲ್ಲುವುದು ಇಂಥ ಕಡೆಯೇ.

ಈಗ ಯಾರೂ ಕೇಳದ ಒಂದು ಪ್ರಶ್ನೆ ನಾನೇ ಕೇಳುತ್ತೇನೆ. ಕಾಲು ಊನ ಇರುವ ಮನುಷ್ಯ 65 ಆದ ಮೇಲೆ 400 ರೂಪಾಯಿಗೋಸ್ಕರ ಅಂಗವಿಕಲರ ಪಿಂಚಣಿ ಯಾಕೆ ಬಿಡಬೇಕು? ವಯಸ್ಸೂ ಆಯಿತು, ಊನವೂ ಇದೆ. ಖರ್ಚು ಬೇರೆಯವರಿಗಿಂತ ಜಾಸ್ತಿಯೇ ಅಲ್ವಾ?

ಅದೇ 2016ರ ಕಾಯ್ದೆಯ 24ನೇ ಸೆಕ್ಷನ್ ಓದಿ. ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ವಿಕಲಚೇತನರಿಗೆ ಯೋಜನೆಗಳನ್ನು ಮಾಡಬೇಕು ಅಂತ ಅದು ಹೇಳುತ್ತದೆ. ಜೊತೆಗೆ, ಅಂಥದ್ದೇ ಯೋಜನೆಯಲ್ಲಿ ಬೇರೆಯವರಿಗೆ ಎಷ್ಟು ಕೊಡುತ್ತಾರೋ ಅದಕ್ಕಿಂತ ಕನಿಷ್ಠ 25 ಪರ್ಸೆಂಟ್ ಜಾಸ್ತಿ ಕೊಡಬೇಕು ಅಂತಲೂ ಹೇಳುತ್ತದೆ. 1200ಕ್ಕೆ 25 ಪರ್ಸೆಂಟ್ ಅಂದರೆ 300. ನನ್ನ ಲೆಕ್ಕದಲ್ಲಿ ನಿಮ್ಮಂಥವರಿಗೆ ಬರಬೇಕಾದ್ದು 1500. 75 ಪರ್ಸೆಂಟ್ ಮೀರಿದವರ 1400 ಕೂಡ ಅದಕ್ಕಿಂತ 100 ಕಡಿಮೆ.

ಬೆಂಗಳೂರಿನಲ್ಲಿ ವಿಕಲಚೇತನರ ಕಾಯ್ದೆಗೆ ಅಂತಲೇ ರಾಜ್ಯ ಆಯುಕ್ತರು ಇದ್ದಾರೆ. ಹಕ್ಕು ಸಿಗದ ವಿಷಯವನ್ನು ವಿಚಾರಿಸಿ ಸರ್ಕಾರದ ಗಮನಕ್ಕೆ ತರುವುದು ಅವರ ಕೆಲಸ. ಅವರಿಗೆ ಕಳಿಸಲು ಒಂದು ಪತ್ರ ಬರೆದಿಟ್ಟಿದ್ದೇನೆ. ನೀವು ಅರ್ಜಿ ತುಂಬಿಸಲು ಬರುವಾಗ ಹಳೇ ಆದೇಶದ ಜೆರಾಕ್ಸ್ ಒಂದು ಜಾಸ್ತಿ ತನ್ನಿ. ಪತ್ರದ ಜೊತೆ ಇಡುತ್ತೇನೆ.