ತಂದೆಯ ಹೆಸರು, ಮಗನ ಮುಖ: ಲಾನ್ ಚೇನಿ ಜೂನಿಯರ್ ಅವರನ್ನು ಅಳೆದ ಬಗೆ

1935ರವರೆಗೆ ಅವರು ಕ್ರೇಟನ್ ಚೇನಿ. ಆ ವರ್ಷದಿಂದ ಹಾಲಿವುಡ್ ಈ ನಟನನ್ನು ಲಾನ್ ಚೇನಿ ಜೂನಿಯರ್ ಎಂದು ಕರೆಯಿತು. ಐದು ವರ್ಷಗಳ ಹಿಂದೆ ತೀರಿಕೊಂಡಿದ್ದ, ಮೂಕಿ ಚಿತ್ರಗಳ ಹೆಸರಾಂತ ನಟನಾಗಿದ್ದ ತಂದೆಯ ಹೆಸರನ್ನು ಮೂವತ್ತರ ಅಂಚಿನಲ್ಲಿದ್ದ ಮಗ ಹೊತ್ತುಕೊಂಡದ್ದು ಕೀರ್ತಿಯ ಆಸೆಯಿಂದಲ್ಲ, ಸ್ವಂತ ಹೆಸರಿನಲ್ಲಿ ಮೂರು ವರ್ಷ ದುಡಿದರೂ ಹೇಳಿಕೊಳ್ಳುವಂಥ ಪಾತ್ರಗಳು ಸಿಗದೆ ಹೋದದ್ದರಿಂದ. ತಂದೆಯ ಹೆಸರಿನ ಬಗ್ಗೆ ತನಗೆ ಹೆಮ್ಮೆಯಿದೆ, ಆದರೆ ಅದಕ್ಕೆ ಬಾಲವಾಗಿ ಅಂಟಿದ ‘ಜೂನಿಯರ್’ ಹೊಟ್ಟೆಪಾಡಿನ ಬಲವಂತಕ್ಕೆ ಒಪ್ಪಿಕೊಂಡದ್ದು ಎಂಬ ಅರ್ಥದ ಮಾತನ್ನು ಅವರು ಮುಂದೆ ಆಡಿದ್ದರು. ಆ ಹೆಸರಿನೊಂದಿಗೆ ಒಂದು ತೀರ್ಪೂ ಅವರ ಬೆನ್ನು ಹತ್ತಿತು: ತಂದೆ ಅಸಾಮಾನ್ಯ ಕಲಾವಿದ, ಮಗ ಅವರ ನೆರಳು. ಈ ತೀರ್ಪು ಅನ್ಯಾಯದ್ದು ಎಂದು ನಾನು ನಂಬಿದ್ದೇನೆ. ಇಬ್ಬರ ಕಲೆಯ ಬೇರು ಬೇರೆ ಬೇರೆ ನೆಲದಲ್ಲಿತ್ತು. ಅಳೆಯಲು ಬಳಸಿದ ಕೋಲು ಮಾತ್ರ ಒಂದೇ ಆಗಿತ್ತು.

ಹಿರಿಯ ಲಾನ್ ಚೇನಿ 1883ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ, ಕಿವಿ ಕೇಳದ ತಂದೆತಾಯಿಗಳಿಗೆ ಹುಟ್ಟಿದವರು. ಮನೆಯೊಳಗೆ ಕೈ, ಕಣ್ಣು, ಮುಖಗಳಿಂದಲೇ ಮಾತನಾಡಿ ಬೆಳೆದ ಆ ಹುಡುಗನಿಗೆ ಮೂಕಿ ಚಿತ್ರದ ಭಾಷೆ ತಾಯಿನುಡಿಯಷ್ಟೇ ಸಹಜವಾಗಿತ್ತು. 1923ರಲ್ಲಿ ನಾತ್ರ್ ದಾಮ್ ಚರ್ಚಿನ ಗೂನ, 1925ರಲ್ಲಿ ಪ್ಯಾರಿಸ್ ಒಪೆರಾ ಗೃಹದ ನೆಲಮಾಳಿಗೆಯಲ್ಲಿ ಅಡಗಿದ ಭೂತಸದೃಶ ಸಂಗೀತಗಾರ, ಈ ಎರಡೂ ಯೂನಿವರ್ಸಲ್ ಸ್ಟುಡಿಯೊಗಾಗಿ ಅವರು ಕಟ್ಟಿದ ಮುಖಗಳು. ಕಟ್ಟಿದ ಎಂಬ ಮಾತನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ತಮ್ಮ ಮೇಕಪ್ಪನ್ನು ತಾವೇ ಯೋಚಿಸಿ, ತಾವೇ ಹಚ್ಚಿಕೊಂಡು, ಅದರ ನೋವನ್ನು ಸಹಿಸಿಕೊಂಡು ಕ್ಯಾಮೆರಾದ ಮುಂದೆ ನಿಲ್ಲುತ್ತಿದ್ದರು. ‘ಸಾವಿರ ಮುಖಗಳ ಮನುಷ್ಯ’ ಎಂಬ ಬಿರುದು ಬಂದದ್ದು ಅದರಿಂದಲೇ.

ಮನೆಯ ಚಿತ್ರ ಬೇರೆಯೇ ಇತ್ತು. ಕ್ರೇಟನ್ 1906ರ ಫೆಬ್ರುವರಿ 10ರಂದು ಒಕ್ಲಹೋಮ ಸಿಟಿಯಲ್ಲಿ ಹುಟ್ಟಿದರು, ತಾಯಿ ಗಾಯಕಿ. 1913ರಲ್ಲಿ, ಗಂಡ ಕೆಲಸ ಮಾಡುತ್ತಿದ್ದ ಲಾಸ್ ಏಂಜಲೀಸ್‌ನ ರಂಗಮಂದಿರದಲ್ಲಿ ಆಕೆ ವಿಷ ಕುಡಿದರು. ಪ್ರಾಣ ಉಳಿಯಿತು, ಕಂಠ ಹೋಯಿತು, ಸಂಸಾರವೂ ಮುರಿಯಿತು. ಹುಡುಗ ಕೆಲವು ವರ್ಷ ಅವರಿವರ ಆಶ್ರಯದಲ್ಲಿ, ವಸತಿಶಾಲೆಗಳಲ್ಲಿ ಬೆಳೆದ. ತಾಯಿ ಸತ್ತುಹೋಗಿದ್ದಾಳೆಂದೇ ಅವನಿಗೆ ಹೇಳಲಾಗಿತ್ತು, ಆಕೆ ಬದುಕಿದ್ದಾಳೆಂಬ ಸತ್ಯ ತಿಳಿದದ್ದು ಬಹಳ ತಡವಾಗಿ. ತಂದೆಗೆ ಮಗ ನಟನಾಗುವುದು ಸುತರಾಂ ಬೇಕಿರಲಿಲ್ಲ. ಹಾಗಾಗಿ ಕ್ರೇಟನ್ ವಾಣಿಜ್ಯ ಕಲಿತು, ನೀರು ಕಾಯಿಸುವ ಉಪಕರಣಗಳ ಕಂಪನಿಯೊಂದರಲ್ಲಿ ನೌಕರಿಗೆ ಸೇರಿದರು. 1930ರಲ್ಲಿ ಹಿರಿಯ ಚೇನಿ ತಮ್ಮ ಏಕೈಕ ವಾಕ್ಚಿತ್ರದಲ್ಲಿ ನಟಿಸಿ, ಹಲವು ದನಿಗಳಲ್ಲಿ ಮಾತನಾಡಿ ತೋರಿಸಿ, ಅದೇ ಆಗಸ್ಟ್ 26ರಂದು 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ಆರ್‌ಕೆಒ ಸ್ಟುಡಿಯೊದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದು 1932ರಲ್ಲಿ, ತಂದೆಯ ಬೇಡವೆಂಬ ಮಾತು ಕೇಳಿಸದಂತಾದ ಮೇಲೆ.

ಹೆಸರು ಬದಲಾದ ಮಾತ್ರಕ್ಕೆ ಬಾಗಿಲುಗಳೇನೂ ತೆರೆಯಲಿಲ್ಲ. ಗುಂಪಿನಲ್ಲೊಬ್ಬ ರೌಡಿ, ಕೌಬಾಯ್ ಚಿತ್ರದಲ್ಲೊಬ್ಬ ಖಳನ ಬಂಟ, ಇಂಥ ಪಾತ್ರಗಳಲ್ಲೇ ಇನ್ನೂ ನಾಲ್ಕು ವರ್ಷ ಕಳೆದವು. ತಿರುವು ಬಂದದ್ದು ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ನಿಂದ. ದೇಹದಲ್ಲಿ ದೈತ್ಯನಾಗಿಯೂ ಬುದ್ಧಿಯಲ್ಲಿ ಮಗುವಾಗಿರುವ, ಮೆತ್ತಗಿರುವುದನ್ನೆಲ್ಲ ಸವರಬೇಕೆಂದು ಹಂಬಲಿಸಿ ಸವರಿದ್ದನ್ನು ಕೊಂದುಬಿಡುವ ಕೂಲಿಯಾಳು ಲೆನಿಯ ಪಾತ್ರವನ್ನು ಅವರು ಲಾಸ್ ಏಂಜಲೀಸ್‌ನ ರಂಗಪ್ರಯೋಗದಲ್ಲಿ ಮಾಡಿದರು. ಅದನ್ನೇ ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶನದ 1939ರ ಚಿತ್ರದಲ್ಲಿ ಮತ್ತೆ ಮಾಡಿದರು. ಮುಖ ಮರೆಸುವ ಮೇಕಪ್ ಅಲ್ಲಿಲ್ಲ. ಇದ್ದದ್ದು ಎತ್ತರದ ಭಾರೀ ಮೈ, ಆ ಮೈಯನ್ನು ಏನು ಮಾಡಬೇಕೆಂದು ತಿಳಿಯದ ಗಾಬರಿ, ಗೆಳೆಯ ಜಾರ್ಜ್ ಸಿಟ್ಟಾದನೇನೋ ಎಂದು ಪದೇಪದೇ ಅವನ ಮುಖ ನೋಡುವ ಕಣ್ಣು. ತಾವು ಕೊಳ್ಳಲಿರುವ ತುಂಡುಭೂಮಿಯ, ಅಲ್ಲಿ ಸಾಕಲಿರುವ ಮೊಲಗಳ ಕಥೆಯನ್ನು ಮತ್ತೊಮ್ಮೆ ಹೇಳೆಂದು ಲೆನಿ ಕಾಡುವಾಗ ಆ ದನಿಯಲ್ಲಿರುವ ನಂಬಿಕೆಯನ್ನು ಕೇಳಿ ಕರಗದವರು ವಿರಳ. ಹಿರಿಯ ಚೇನಿಯ ನಟನೆ ಹೊರಗಿನಿಂದ ಒಳಕ್ಕೆ ಹೋಗುವಂಥದು: ಮೊದಲು ರೂಪ, ಆಮೇಲೆ ಆ ರೂಪದೊಳಗಿನ ಜೀವ. ಮಗನ ಶಕ್ತಿ ದೊಡ್ಡ ದೇಹದೊಳಗಿನ ಅಸಹಾಯಕತೆಯನ್ನು ಮುಚ್ಚದೆ ತೋರುವುದರಲ್ಲಿತ್ತು. ಚಿತ್ರ ಆ ವರ್ಷದ ಶ್ರೇಷ್ಠ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಲೆನಿಯನ್ನು ಆಡಿದವರಿಗೆ ನಟನೆಯ ನಾಮನಿರ್ದೇಶನ ಸಿಗಲಿಲ್ಲ.

ಇದಾದ ಮೇಲೂ ಹೋಲಿಕೆ ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಸ್ಟುಡಿಯೊಗಳ ಕಾರ್ಯಪದ್ಧತಿಯಲ್ಲೇ ಉತ್ತರವಿದೆ. 1940ರಲ್ಲಿ ತೆರೆಕಂಡ ಆದಿಮಾನವರ ಚಿತ್ರವೊಂದಕ್ಕೆ ಮಗ ತಂದೆಯಂತೆಯೇ ತಮ್ಮ ಮೇಕಪ್ಪನ್ನು ತಾವೇ ರೂಪಿಸಿಕೊಂಡಿದ್ದರು. ಬಳಸಲು ಆಗಲಿಲ್ಲ. ಅಷ್ಟರಲ್ಲಿ ಮೇಕಪ್ ಪ್ರತ್ಯೇಕ ವೃತ್ತಿಯಾಗಿ, ಅದಕ್ಕೊಂದು ಕಾರ್ಮಿಕ ಸಂಘ ಕಟ್ಟಲ್ಪಟ್ಟು, ನಟನೊಬ್ಬ ತನ್ನ ಮುಖಕ್ಕೆ ತಾನೇ ಬಣ್ಣ ಹಚ್ಚಿಕೊಳ್ಳುವುದು ಸಂಘದ ನಿಯಮಕ್ಕೆ ವಿರುದ್ಧವಾಗಿತ್ತು. ಆ ನಿಯಮ ಕುಶಲಕರ್ಮಿಗಳ ಅನ್ನವನ್ನು ಕಾಯುವಂಥದು, ಅದನ್ನು ದೂರಲು ಕಾರಣವಿಲ್ಲ. ಆದರೆ ಹಿರಿಯ ಚೇನಿಯನ್ನು ಹಿರಿಯ ಚೇನಿಯನ್ನಾಗಿ ಮಾಡಿದ ಹಾದಿ ಮಗನ ಕಾಲಕ್ಕೆ ಮುಚ್ಚಿಹೋಗಿತ್ತು. ಸಾವಿರ ಮುಖಗಳನ್ನು ಸೃಷ್ಟಿಸುವ ಅವಕಾಶವೇ ಇಲ್ಲದವರನ್ನು, ಸಾವಿರ ಮುಖಗಳು ಎಲ್ಲಿ ಎಂದು ಕೇಳುತ್ತ ಬರಲಾಯಿತು.

ಅತ್ತ ಯೂನಿವರ್ಸಲ್‌ನಲ್ಲಿ ಭಯಾನಕ ಚಿತ್ರಗಳ ಎರಡನೆಯ ಅಲೆ ಎದ್ದಿತ್ತು. 1931ರ ಡ್ರಾಕುಲಾ ಮತ್ತು ಫ್ರಾಂಕನ್‌ಸ್ಟೈನ್ ಚಿತ್ರಗಳನ್ನು 1938ರಲ್ಲಿ ಒಂದೇ ಟಿಕೆಟ್ಟಿಗೆ ಜೋಡಿಯಾಗಿ ಮತ್ತೆ ತೋರಿಸಿದಾಗ ಜನ ಮುಗಿಬಿದ್ದರು, ಆ ಗಳಿಕೆ ಕಂಡ ಸ್ಟುಡಿಯೊ ಹೊಸ ಭೂತಗಳನ್ನು ಹುಡುಕತೊಡಗಿತು. ತಂದೆಯ ಎರಡು ಮಹಾಪಾತ್ರಗಳು ಹುಟ್ಟಿದ ಅದೇ ಸ್ಟುಡಿಯೊ 1941ರಲ್ಲಿ ಮಗನನ್ನು ಸೇರಿಸಿಕೊಂಡಿತು. ಸ್ವಲ್ಪದರಲ್ಲೇ ಪೋಸ್ಟರುಗಳಿಂದ ‘ಜೂನಿಯರ್’ ಕೂಡ ಮಾಯವಾಗಿ ಬರೀ ‘ಲಾನ್ ಚೇನಿ’ ಉಳಿಯಿತು.

ಆ ವರ್ಷದ ಡಿಸೆಂಬರ್‌ನಲ್ಲಿ, ಪರ್ಲ್ ಹಾರ್ಬರ್ ದಾಳಿಯಾದ ಕೆಲವೇ ದಿನಗಳಿಗೆ, ‘ದಿ ವುಲ್ಫ್ ಮ್ಯಾನ್’ ತೆರೆಗೆ ಬಂತು. ನಿರ್ದೇಶನ ಜಾರ್ಜ್ ವ್ಯಾಗ್ನರ್ ಅವರದು. ಕಥೆ, ನಾಜಿ ಜರ್ಮನಿಯನ್ನು ಬಿಟ್ಟು ಬಂದ ಯಹೂದಿ ಲೇಖಕ ಕರ್ಟ್ ಸಿಯೊಡ್ಮಾಕ್ ಅವರದು. ಶುದ್ಧ ಹೃದಯದವನೂ ತೋಳವಾಗಬಲ್ಲ ಎಂದು ಹೇಳುವ, ಎಷ್ಟೋ ಜನ ಹಳೆಯ ಜನಪದ ಪದ್ಯವೆಂದೇ ನಂಬಿರುವ ಸಾಲುಗಳು ಅವರೇ ಬರೆದವು. ವೇಲ್ಸ್‌ನ ಸಿರಿವಂತ ಮನೆತನದ ಕಿರಿಯ ಮಗ ಲ್ಯಾರಿ ಟಾಲ್ಬಟ್ ಹದಿನೆಂಟು ವರ್ಷ ಅಮೆರಿಕದಲ್ಲಿ ಕಳೆದು, ಅಣ್ಣ ಸತ್ತ ಮೇಲೆ ತಂದೆಯ ಕೋಟೆಗೆ ಮರಳುತ್ತಾನೆ. ತಂದೆಯಾಗಿ ನಟಿಸಿದ ಕ್ಲಾಡ್ ರೇನ್ಸ್ ಮೈಕಟ್ಟಿನಲ್ಲಿ ಪುಟ್ಟವರು, ಮಾತಿನಲ್ಲಿ ನಯಗಾರರು. ಮಗನಾದ ಚೇನಿ ಅವರ ಪಕ್ಕದಲ್ಲಿ ಬೃಹದಾಕಾರದ, ಉಪಕರಣಗಳನ್ನು ರಿಪೇರಿ ಮಾಡಬಲ್ಲ ಕೈಕೆಲಸದವರಂತೆ ಕಾಣುತ್ತಾರೆ. ಈ ಜೋಡಿ ಹೊಂದುವುದಿಲ್ಲವೆಂದು ಅನೇಕ ವಿಮರ್ಶಕರು ಕೊಂಕು ತೆಗೆದಿದ್ದಾರೆ. ನನಗೆ ಚಿತ್ರದ ನೋವೆಲ್ಲ ಆ ಹೊಂದದಿರುವಿಕೆಯಲ್ಲೇ ಇದೆ ಎನಿಸುತ್ತದೆ. ತೋಳ ಕಚ್ಚಿದ ಮೇಲೆ ತನಗೇನೋ ಆಗುತ್ತಿದೆ ಎಂದು ಮಗ ಅಂಗಲಾಚುತ್ತಾನೆ, ವಿದ್ಯಾವಂತ ತಂದೆ ಅದನ್ನು ಮನಸ್ಸಿನ ಭ್ರಮೆ ಎಂದು ವಿವರಿಸುತ್ತಾನೆ. ಕೊನೆಗೆ ಮಗನದೇ ಬೆಳ್ಳಿಹಿಡಿಯ ಬೆತ್ತದಿಂದ, ಯಾರನ್ನು ಹೊಡೆಯುತ್ತಿದ್ದೇನೆಂದು ತಿಳಿಯದೆ, ತಂದೆಯೇ ಅವನನ್ನು ಹೊಡೆದು ಕೊಲ್ಲುತ್ತಾನೆ. ಈ ಪಾತ್ರವನ್ನು ಚೇನಿ ಜೂನಿಯರ್ ತಮ್ಮ ಸ್ವಂತ ಕೂಸೆಂದು ಹೇಳಿಕೊಳ್ಳುತ್ತಿದ್ದರು.

ತೋಳದ ಮುಖ ಮಾಡಿದವರು ಯೂನಿವರ್ಸಲ್‌ನ ಮೇಕಪ್ ವಿಭಾಗದ ಮುಖ್ಯಸ್ಥ ಜ್ಯಾಕ್ ಪಿಯರ್ಸ್. ಗಂಟೆಗಟ್ಟಲೆ ಕೂರಿಸಿ, ಯಾಕ್ ಮೃಗದ ಕೂದಲನ್ನು ಅಂಟಿಸುತ್ತ ಹೋಗುವ ದೀರ್ಘ ಕೆಲಸವದು. ಮುಂದಿನ ನಾಲ್ಕು ವರ್ಷಗಳಲ್ಲಿ ಸ್ಟುಡಿಯೊ ಅವರನ್ನು ಫ್ರಾಂಕನ್‌ಸ್ಟೈನ್‌ನ ದೈತ್ಯನನ್ನಾಗಿ ಒಮ್ಮೆ, ಮಮ್ಮಿಯಾಗಿ (ಗೋರಿಯಿಂದೆದ್ದ ಪ್ರಾಚೀನ ಈಜಿಪ್ಟಿನ ಶವ) ಮೂರು ಸಲ, ಡ್ರಾಕುಲಾ ವಂಶದ ರಕ್ತಪಿಪಾಸುವಾಗಿ ಒಮ್ಮೆ ಬಳಸಿಕೊಂಡಿತು. ಯೂನಿವರ್ಸಲ್‌ನ ಈ ನಾಲ್ಕೂ ಭೂತಗಳಾದ ನಟ ಅವರೊಬ್ಬರೇ. ಇದನ್ನು ಸಾಧನೆಯೆಂದು ಹೇಳುವುದು ವಾಡಿಕೆ. ಆದರೆ ಬ್ಯಾಂಡೇಜು ಸುತ್ತಿಕೊಂಡು ಕಾಲೆಳೆಯುವ ಮೂಕ ಮಮ್ಮಿಯ ಪಾತ್ರ ಅವರ ದನಿಯನ್ನೂ ಕಣ್ಣನ್ನೂ ವ್ಯರ್ಥಮಾಡಿತು. ತೋಳಮಾನವನಾಗಿ ಮಾತ್ರ, 1941ರಿಂದ 1948ರವರೆಗಿನ ಐದು ಚಿತ್ರಗಳಲ್ಲಿ, ಕಥೆ ಎಷ್ಟೇ ಸೊರಗಿದರೂ ಲ್ಯಾರಿಯ ದುಃಖವನ್ನು ಅವರು ಹಗುರ ಮಾಡಲಿಲ್ಲ. ಕೊನೆಯದು ಹಾಸ್ಯಜೋಡಿ ಆಬಟ್ ಮತ್ತು ಕಾಸ್ಟೆಲೊ ಅವರ ಚಿತ್ರ. ಆ ಜೋಡಿ ಸುತ್ತ ನಗಿಸುತ್ತಿರುವಾಗಲೂ ಅವರು ಗಂಭೀರರು.

ಆಮೇಲಿನ ವರ್ಷಗಳಲ್ಲಿ ಕುಡಿತ ಆರೋಗ್ಯವನ್ನು ತಿಂದಿತು, ಪಾತ್ರಗಳು ಸಣ್ಣವಾದವು. 1957ರಲ್ಲಿ ಯೂನಿವರ್ಸಲ್ ಹಿರಿಯ ಚೇನಿಯ ಜೀವನಚಿತ್ರವನ್ನು ತೆಗೆಯಿತು; ನಾಯಕ ಜೇಮ್ಸ್ ಕ್ಯಾಗ್ನಿ. ಸಾಯುವ ತಂದೆ ತನ್ನ ಮೇಕಪ್ ಪೆಟ್ಟಿಗೆಯ ಮೇಲಿನ ಹೆಸರಿಗೆ ‘ಜೂನಿಯರ್’ ಎಂದು ಸೇರಿಸಿ ಮಗನ ಕೈಗಿಡುವ ದೃಶ್ಯದೊಂದಿಗೆ ಅದು ಮುಗಿಯುತ್ತದೆ. ನಿಜದಲ್ಲಿ ಆ ತಂದೆ ಮಗನನ್ನು ಈ ವೃತ್ತಿಯಿಂದ ದೂರವಿಡಲು ನೋಡಿದವರು, ಪೆಟ್ಟಿಗೆಯೂ ಸೇರಿದ್ದು ಲಾಸ್ ಏಂಜಲೀಸ್‌ನ ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯವನ್ನು. ಹೊಟ್ಟೆಪಾಡಿಗೆ ಹೊತ್ತ ಹೆಸರನ್ನು ಆಶೀರ್ವಾದವಾಗಿ ತಿರುಚಿದ ಆ ದೃಶ್ಯವನ್ನೇ ಸತ್ಯವೆಂದುಕೊಂಡ ಪ್ರೇಕ್ಷಕರು ಬಹಳ. ಚೇನಿ ಜೂನಿಯರ್ 1973ರ ಜುಲೈ 12ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆಯಲ್ಲಿ ತೀರಿಕೊಂಡರು. ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ಕೊಡಲಾಯಿತು. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ ಚಲನಚಿತ್ರದ ಭೂತಗಳ ಐದು ಅಂಚೆಚೀಟಿಗಳನ್ನು ಹೊರತಂದಾಗ ತಂದೆ ಒಪೆರಾ ಗೃಹದ ಸಂಗೀತಗಾರನಾಗಿ, ಮಗ ತೋಳಮಾನವನಾಗಿ ಒಂದೇ ಮಾಲೆಯಲ್ಲಿ ಬಂದರು.

ಆದರೂ ಅವರನ್ನು ಅರಿಯಬೇಕೆಂದಿರುವವರು ಕೂದಲಂಟಿಸಿದ ಮುಖವನ್ನಷ್ಟೇ ನೋಡಿ ನಿಲ್ಲಬಾರದು. ಫ್ರೆಡ್ ಜಿನ್ನಮನ್ ಅವರ 1952ರ ‘ಹೈ ನೂನ್’ನಲ್ಲಿ ಅವರು ಮಾಜಿ ಮಾರ್ಷಲ್, ಎಂದರೆ ಊರಿನ ಕಾನೂನು ಕಾಯುತ್ತಿದ್ದ ಅಧಿಕಾರಿ, ಮಾರ್ಟಿನ್ ಹೌ. ನಾಯಕ ಗ್ಯಾರಿ ಕೂಪರ್ ಅವರಿಗಿಂತ ಐದು ವರ್ಷ ಕಿರಿಯರಾದ ಚೇನಿ, ಆ ನಾಯಕ ಚಿಕ್ಕಂದಿನಿಂದ ಆದರ್ಶವೆಂದುಕೊಂಡು ಬಂದ ಹಿರಿಯನಾಗಿ ನಟಿಸಿದ್ದಾರೆ. ಕೊಲೆಗಡುಕರನ್ನು ಎದುರಿಸಲು ನೆರವು ಕೇಳಿ ಬಂದವನಿಗೆ, ಸಂಧಿವಾತದಿಂದ ಸೊಟ್ಟಗಾದ ಕೈಗಳನ್ನಿಟ್ಟುಕೊಂಡು, ಊರಿನವರಿಗೆ ಇದ್ಯಾವುದೂ ಬೇಕಾಗಿಲ್ಲ, ನೀನು ಹೊರಟುಹೋಗು ಎನ್ನುತ್ತಾರೆ. ಕೆಲವೇ ನಿಮಿಷಗಳ ದೃಶ್ಯವದು. ನೆರವು ಕೊಡಲಾರದವನ ನಾಚಿಕೆಯನ್ನೂ ಪ್ರೀತಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ಒಡಕು ದನಿ ಮೂಕಿ ಚಿತ್ರದ ತಂದೆಗೆ ಎಂದೂ ಬೇಕಾಗಿರಲಿಲ್ಲ, ಆ ಕಾಲದ ಬೇರೆ ನಟರಲ್ಲೂ ನಾನು ಕೇಳಿಲ್ಲ.