ಕೈಯಾರೆ ತುಂಬಿದ ತೋಟಾ: ಗ್ರೂಪ್ ಒಂದು ದಿನ ಕೂಡಿ, ಇನ್ನೊಂದು ದಿನ ಚೆದುರುವುದೇಕೆ?

ಅದೇ ಮದ್ದು, ಅದೇ ಗುಂಡು, ಅದೇ ತೂಕ. ಕಳೆದ ವಾರ 100 ಮೀಟರಿನಲ್ಲಿ ಮೂರು ಗುಂಡು 12 ಮಿ.ಮೀ. ಒಳಗೆ ಕೂತವು, ಈ ವಾರ 36 ಮಿ.ಮೀ.ಗೆ ಹರಡಿದವು. ಹೀಗೆ ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪೇ ‘ಗ್ರೂಪ್’. ಅಮೆರಿಕದ ಕ್ಲಬ್ಬುಗಳಲ್ಲಿ .308 ವಿಂಚೆಸ್ಟರ್ ಎಂಬ ರೈಫಲ್ ತೋಟಾವನ್ನು ಕೈಯಾರೆ ತುಂಬಲು ಕಲಿಯುತ್ತಿರುವವರು ಎಡವುವುದು ಇಲ್ಲೇ. ಗಾಬರಿಯಾಗಿ ಮದ್ದಿನ ತೂಕ ಬದಲಿಸಿಬಿಡುತ್ತಾರೆ. (ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ಲಿಗೆ ಬಳಸುವ .22 ರಿಮ್‌ಫೈರ್ ತೋಟಾವನ್ನು ಮತ್ತೆ ತುಂಬುವ ವಾಡಿಕೆಯೂ ಇಲ್ಲ.)

ಮೊದಲು ಲೆಕ್ಕ ನೋಡೋಣ. ರೈಫಲ್ಲಿನ ಸಹಜ ಚೆದುರುವಿಕೆ ಅಡ್ಡಕ್ಕೂ ಉದ್ದಕ್ಕೂ 10 ಮಿ.ಮೀ. ಪ್ರಮಾಣ ವಿಚಲನೆ (ನಡುಬಿಂದುವಿನಿಂದ ಗುಂಡುಗಳು ಎಷ್ಟು ಹರಡುತ್ತವೆ ಎಂಬ ಅಳತೆ) ಎಂದಿಟ್ಟುಕೊಳ್ಳಿ. ಆಗ ಮೂರು ಗುಂಡಿನ ಗ್ರೂಪಿನ ಸರಾಸರಿ ಅಗಲ (ಅತಿ ದೂರದ ಎರಡು ಗುಂಡುಗಳ ನಡುವಿನ ಅಂತರ) ಸುಮಾರು 24 ಮಿ.ಮೀ., ಐದರದ್ದು 31, ಹತ್ತರದ್ದು 38. ಮೂರು ಗುಂಡಿನ ಗ್ರೂಪು ಈ ಸರಾಸರಿಯಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಚೀಚೆ ಆಗುವುದು ಮಾಮೂಲು. ಅಂದರೆ 12 ಮತ್ತು 36, ಎರಡೂ ಒಂದೇ ಲೋಡಿನಿಂದ (ಮದ್ದು, ಗುಂಡುಗಳ ಒಂದೇ ಹೊಂದಿಕೆಯಿಂದ) ಬರಬಹುದು. ಕೆಟ್ಟದ್ದೇನೂ ಇಲ್ಲದಿರಬಹುದು. ಆದ್ದರಿಂದ ಹತ್ತು ಗುಂಡಿನ ಗ್ರೂಪು, ಎರಡು ಬಾರಿ. ಅದಕ್ಕಿಂತ ಕಡಿಮೆಯಲ್ಲಿ ತೀರ್ಪು ಕೊಡಬೇಡಿ. ‘ಅದೊಂದು ತಪ್ಪಿಹೋಯಿತು’ ಎಂದು ದೂರ ಬಿದ್ದ ಗುಂಡನ್ನು ಲೆಕ್ಕದಿಂದ ಕೈಬಿಡುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸ.

ಅದೇ ದಿನ ಕಾರ್ಖಾನೆಯ ಮ್ಯಾಚ್ ತೋಟಾ ಹತ್ತನ್ನೂ ಹಾರಿಸಿ. ಅವೂ ಚೆದುರಿದರೆ ನಿಮ್ಮ ಪ್ರೆಸ್ಸನ್ನು (ತೋಟಾ ತುಂಬುವ ಯಂತ್ರವನ್ನು) ಬೈಯುವುದು ಬಿಟ್ಟು ಆ್ಯಕ್ಷನ್ ಸ್ಕ್ರೂ (ರೈಫಲ್ಲಿನ ಯಂತ್ರಭಾಗವನ್ನು ಹಿಡಿಗೆ ಬಿಗಿಯುವ ತಿರುಪು), ಸ್ಕೋಪ್ ರಿಂಗು (ದುರ್ಬೀನನ್ನು ಹಿಡಿಯುವ ಬಳೆ), ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಗೆರೆಯೂ ಸರಿದಂತೆ ಕಾಣುವ ದೋಷ), ಬ್ಯಾರೆಲ್ ಬಾಯಿಯ ಅಂಚು ಇವನ್ನು ನೋಡಿ. ಗುಂಡುಗಳು ಎರಡು ಗುಂಪಾಗಿ ಬೀಳುತ್ತಿದ್ದರಂತೂ ಸಡಿಲ ಸ್ಕ್ರೂ ಮೇಲೆಯೇ ಮೊದಲ ಅನುಮಾನ.

ಗ್ರೂಪು ಮೇಲೆ-ಕೆಳಗೆ ಎಳೆದುಕೊಂಡರೆ ‘ವೇಗ ಏರುಪೇರು’ ಎನ್ನುವುದು ರೂಢಿ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡಿನಲ್ಲಿ 6 ಮೀಟರ್ ವ್ಯತ್ಯಾಸವಾದರೆ 100 ಮೀಟರಿನಲ್ಲಿ ಬೀಳುವಿಕೆ ಬದಲಾಗುವುದು ಸುಮಾರು 1 ಮಿ.ಮೀ. ಮಾತ್ರ. ಅಷ್ಟೇ ವ್ಯತ್ಯಾಸ 900 ಮೀಟರಿನಲ್ಲಿ ಹತ್ತಿರಹತ್ತಿರ ಒಂದು ಗೇಣು. ಹಾಗಾಗಿ ದೂರದ ಗುರಿಗೆ ಕ್ರೊನೊಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ದೇವರಿದ್ದಂತೆ. ಹತ್ತಿರದ ಗುರಿಯಲ್ಲಿ ಹಿಂದಿನ ಮರಳುಚೀಲ, ಭುಜದ ಒತ್ತಡಗಳನ್ನು ಮೊದಲು ಸರಿಪಡಿಸಿಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ ತಪ್ಪು ತೋಟಾದ್ದೇ ಎಂದಾದರೆ, ನೇರ ಕೇಸಿನ (ತೋಟಾದ ಹಿತ್ತಾಳೆ ಕವಚದ) ಕತ್ತಿನ ಭಾಗಕ್ಕೆ, ಅಂದರೆ ಗುಂಡನ್ನು ಹಿಡಿಯುವ ಬಾಯಿಗೆ, ಹೋಗಿ. ಹೆಚ್ಚಿನ ಏರುಪೇರು ಅಲ್ಲೇ ಅಡಗಿರುತ್ತದೆ. ಪ್ರತಿ ಸಲ ಹಾರಿಸಿದಾಗ ಕತ್ತು ಹಿಗ್ಗುತ್ತದೆ, ಡೈನಲ್ಲಿ (ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಿನಲ್ಲಿ) ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತದೆ, ಡೈ ಕೊಟ್ಟ ಅಳತೆಯಲ್ಲಿ ನಿಲ್ಲದೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಎರಡು ಸಲ ಹಾರಿಸಿದ ಕೇಸನ್ನೂ ಎಂಟು ಸಲ ಹಾರಿಸಿದ್ದನ್ನೂ ಬೆರೆಸಿದರೆ ಗುಂಡನ್ನು ಹಿಡಿಯುವ ಬಿಗಿ ಒಂದೊಂದರಲ್ಲಿ ಒಂದೊಂದು ಥರ. ಇದು ಅಂಗೈಗೇ ತಿಳಿಯುತ್ತದೆ. ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿಯನ್ನು ನಿಧಾನವಾಗಿ ಇಳಿಸಿ: ಒಂದು ಬೆಣ್ಣೆಯಂತೆ ಜಾರಿ ಇಳಿಯುತ್ತದೆ, ಮುಂದಿನದು ಕಿರ್ರೆಂದು ತಡೆದು ತಡೆದು ಇಳಿಯುತ್ತದೆ. ಹಾಗೆ ತಡೆದದ್ದನ್ನು ಬೇರೆ ಡಬ್ಬಿಗೆ ಹಾಕಿ, ಬೇರೆಯಾಗಿಯೇ ಹಾರಿಸಿ ನೋಡಿ.

ಪರಿಹಾರ ಮೂರು ಕಡೆ ಇದೆ. ಒಂದೇ ಕಂಪನಿಯ, ಒಂದೇ ಲಾಟಿನ, ಒಂದೇ ಸಂಖ್ಯೆಯಷ್ಟು ಸಲ ಹಾರಿಸಿದ ಕೇಸುಗಳನ್ನು ಒಟ್ಟಿಗಿಡಿ. ಕತ್ತನ್ನು ಅನೀಲ್ ಮಾಡಿ (ಕಾಯಿಸಿ ಮೆದುಗೊಳಿಸಿ). ಶಾಖ ಕತ್ತು ಮತ್ತು ಕೇಸಿನ ಭುಜಕ್ಕಷ್ಟೇ (ಕತ್ತಿನ ಕೆಳಗಿನ ಇಳಿಜಾರಿಗಷ್ಟೇ) ತಾಗಬೇಕು. ಬುಡ ಮೆದುವಾದ ಕೇಸು ಒತ್ತಡ ತಡೆಯದೆ ಸೀಳಬಹುದು, ಅಂಥದ್ದನ್ನು ಎಸೆಯಲೇಬೇಕು. ಇನ್ನು ಕತ್ತಿನ ಒಳಗು. ಒದ್ದೆ ಟಂಬ್ಲರಿನಲ್ಲಿ ಫಳಫಳ ತೊಳೆದ ಕತ್ತು ಗುಂಡನ್ನು ಕಚ್ಚಿಕೊಳ್ಳುತ್ತದೆ. ಸ್ವಲ್ಪ ಗ್ರಾಫೈಟ್ ಪುಡಿ ಸವರಿದರೆ ಹಿಡಿತ ಒಂದೇ ಸಮನಾಗುತ್ತದೆ. ಬುಶಿಂಗ್ ಡೈ (ಕತ್ತಿನ ಅಳತೆಗೆ ತಕ್ಕ ಬಳೆ ಬದಲಿಸಬಹುದಾದ ಡೈ) ಬಳಸುವವರು ಬಳೆಯ ಅಳತೆಯನ್ನು ಗುಂಡು ಕೂತ ಕತ್ತಿನ ಹೊರ ಅಳತೆಗಿಂತ ಸುಮಾರು 0.05 ಮಿ.ಮೀ. ಕಡಿಮೆಯಿಂದ ಶುರುಮಾಡಬಹುದು. ಭುಜವನ್ನು ಹಿಂದಕ್ಕೆ ತಳ್ಳುವುದು 0.03ರಿಂದ 0.05 ಮಿ.ಮೀ. ಸಾಕು. ಕೇಸಿನ ಉದ್ದ 51.18 ಮಿ.ಮೀ. ಮೀರಬಾರದು, 50.93ಕ್ಕೆ ಕತ್ತರಿಸಿಕೊಳ್ಳಿ.

ಮದ್ದಿನ ತಕ್ಕಡಿ ಡಿಜಿಟಲ್ ಆದರೆ ಅರ್ಧ ಗಂಟೆ ಮುಂಚೆ ಆನ್ ಮಾಡಿ, ಫ್ಯಾನ್, ಏಸಿ ನಿಲ್ಲಿಸಿ, ಹತ್ತು ತೋಟಾಕ್ಕೊಮ್ಮೆ ಪರೀಕ್ಷೆಯ ತೂಕದ ಬಟ್ಟು ಇಟ್ಟು ನೋಡಿ. ಸೊನ್ನೆ ಸದ್ದಿಲ್ಲದೆ ಜಾರುತ್ತದೆ.

ಗುಂಡಿನ ಆಳವನ್ನು ತುದಿಯಿಂದ ಅಳೆಯಬೇಡಿ. ತೂತುತುದಿಯ ಮ್ಯಾಚ್ ಗುಂಡುಗಳ ತುದಿ ಒಂದರಂತೆ ಒಂದಿರುವುದಿಲ್ಲ. ಅಳತೆಯ ಕ್ಯಾಲಿಪರಿಗೆ ಕಂಪೇರೇಟರ್ ಎಂಬ ತೂತಿನ ತುಣುಕು ಸಿಕ್ಕಿಸಿ ಗುಂಡಿನ ಬಾಗು ಶುರುವಾಗುವ ಜಾಗದಿಂದ ಕೇಸಿನ ಬುಡದವರೆಗೆ ಅಳೆಯಿರಿ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಕೇಸಿನ ಬುಡದ ಮಟ್ಟಕ್ಕಿಂತ ಚೂರು ಒಳಗೆ, 0.08ರಿಂದ 0.13 ಮಿ.ಮೀ., ಕೂತಿರಬೇಕು, ಬೆರಳು ಸವರಿದರೆ ಉಬ್ಬು ತಾಗಕೂಡದು.

ಒಮ್ಮೆಗೆ ಒಂದನ್ನೇ ಬದಲಿಸಿ. ಬ್ಯಾರೆಲ್ ಬಿಸಿಯಾಗಿದ್ದಾಗ ತೋಟಾವನ್ನು ಚೇಂಬರಿನಲ್ಲಿ ಕೂರಿಸಿ ಗಾಳಿಗೆ ಕಾಯಬೇಡಿ. ಮದ್ದು ಕಾದು ವೇಗ ಏರುತ್ತದೆ, ಆ ಗುಂಡು ದೂರದ ಗುರಿಯಲ್ಲಿ ಮೇಲೆ ಹೋಗುತ್ತದೆ.

ಹೊಸ ಡಬ್ಬಿಯ ಮದ್ದಿನ ಲಾಟ್ ಬೇರೆಯಾದರೂ, ಕೇಸು, ಪ್ರೈಮರ್, ಗುಂಡಿನ ಕಂಪನಿ ಬದಲಾದರೂ ಮದ್ದಿನ ಕೈಪಿಡಿಯ ಆರಂಭದ ತೂಕಕ್ಕೆ ಇಳಿದು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರಿ. ಸೇನೆಯ ಕೇಸುಗಳು ಹಲವು ವೇಳೆ ದಪ್ಪ, ಒಳಜಾಗ ಕಡಿಮೆ. ಅದೇ ತೂಕಕ್ಕೆ ಒತ್ತಡ ಜಾಸ್ತಿ. ಬೋಲ್ಟ್ ಹಿಡಿ ಎತ್ತಲು ಬಿಗಿಯಾಯಿತು, ಕೇಸಿನ ಬುಡದಲ್ಲಿ ಹೊಳೆಯುವ ಇಜೆಕ್ಟರ್ (ಖಾಲಿ ಕೇಸನ್ನು ಹೊರಗೆಸೆಯುವ ಕಡ್ಡಿ) ಗುರುತು ಕಂಡಿತು ಎಂದರೆ ಅಲ್ಲಿಗೇ ನಿಲ್ಲಿಸಿ. ಉಳಿದ ತೋಟಾಗಳನ್ನು ಹಾರಿಸದೆ ಗುಂಡೆಳೆಯುವ ಸಾಧನದಿಂದ ಬಿಚ್ಚಿಬಿಡಿ.