ಪುಸ್ತಕಗಳನ್ನು ಮೊದಲು ಕೈಬಿಟ್ಟವರು ಯಾರು? ‘ಫ್ಯಾರನ್‌ಹೀಟ್ 451’ ಕಾದಂಬರಿ ಮತ್ತು ಚಿತ್ರ: ಒಂದು ಟಿಪ್ಪಣಿ

ಕಾದಂಬರಿ ಮೇಲೋ, ಅದನ್ನು ಆಧರಿಸಿದ ಸಿನಿಮಾ ಮೇಲೋ ಎಂದು ಕೇಳಿದರೆ ಸಿಗುವ ‘ಕಾದಂಬರಿಯಲ್ಲಿ ಆಳವಿದೆ, ಸಿನಿಮಾದಲ್ಲಿ ದೃಶ್ಯವೈಭವವಿದೆ’ ಎಂಬ ಉತ್ತರ ಯಾವ ಕೃತಿಗೂ ಒಗ್ಗುತ್ತದೆ. ಹಾಗಾಗಿಯೇ ಅದು ಯಾವ ಕೃತಿಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ರೇ ಬ್ರಾಡ್‌ಬರಿ 1953ರಲ್ಲಿ ಪ್ರಕಟಿಸಿದ ಕಾದಂಬರಿಯನ್ನೂ ಅದನ್ನು ಆಧರಿಸಿ ಫ್ರಾನ್ಸ್ವಾ ತ್ರೂಫೋ 1966ರಲ್ಲಿ ತೆಗೆದ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಈ ಟಿಪ್ಪಣಿ ಬರೆದಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಕಾದಂಬರಿಯೇ ಮೇಲು. ಅದಕ್ಕೆ ಕಾರಣ ಭಾಷೆಯ ಸೊಗಸಲ್ಲ, ಒಂದು ಪಾತ್ರ. ಆ ಪಾತ್ರ ಚಿತ್ರದಲ್ಲಿ ಇಲ್ಲವೇ ಇಲ್ಲ.

ಕಥೆ ಗೊತ್ತಿರುವುದೇ. ಮಾಂಟಾಗ್ ಫೈರ್‌ಮನ್, ಅವನ ಕೆಲಸ ಬೆಂಕಿ ಆರಿಸುವುದಲ್ಲ, ಪುಸ್ತಕಗಳಿಗೆ ಬೆಂಕಿ ಇಡುವುದು. ಅವನು ಓದಲು ತೊಡಗುತ್ತಾನೆ, ಸಿಕ್ಕಿಬೀಳುತ್ತಾನೆ, ಓಡಿಹೋಗುತ್ತಾನೆ.

ಬೀಟಿಯ ಮಾತನ್ನು ನಂಬಬೇಕೇ?

ನಾನು ಹೆಚ್ಚು ಹೊತ್ತು ತಡವರಿಸಿದ್ದು ಇಲ್ಲಿ. ನೀವೂ ಇಲ್ಲಿ ನಿಧಾನವಾಗಿ ಓದಿ.

ಕಾದಂಬರಿಯ ಮೊದಲ ಭಾಗದ ಕೊನೆಯ ಹೊತ್ತಿಗೆ ಮಾಂಟಾಗ್ ಕಾಯಿಲೆಯ ನೆಪ ಹೇಳಿ ಹಾಸಿಗೆ ಹಿಡಿದಿರುತ್ತಾನೆ. ಅವನ ಮೇಲಧಿಕಾರಿ ಕ್ಯಾಪ್ಟನ್ ಬೀಟಿ ಮನೆಗೇ ಬಂದು, ಪೈಪ್ ಹಚ್ಚಿಕೊಂಡು, ತಮ್ಮ ಕಸುಬು ಹುಟ್ಟಿದ ಬಗೆಯನ್ನು ವಿವರಿಸುತ್ತಾನೆ. ಛಾಯಾಚಿತ್ರ ಬಂತು, ಸಿನಿಮಾ ಬಂತು, ರೇಡಿಯೊ, ಟಿ.ವಿ. ಬಂದವು. ಜನಸಂಖ್ಯೆ ಬೆಳೆಯಿತು. ಎಲ್ಲರಿಗೂ ಹಿಡಿಸಬೇಕೆಂದು ಎಲ್ಲವನ್ನೂ ತೆಳುವಾಗಿಸಿದರು. ದೊಡ್ಡ ಕೃತಿಗಳು ಹದಿನೈದು ನಿಮಿಷದ ರೇಡಿಯೊ ಕಾರ್ಯಕ್ರಮಗಳಾದವು, ಆಮೇಲೆ ಎರಡು ನಿಮಿಷದಲ್ಲಿ ಓದಿ ಮುಗಿಸುವ ಅಂಕಣಗಳಾದವು, ಕೊನೆಗೆ ನಿಘಂಟಿನ ಹತ್ತು ಹನ್ನೆರಡು ಸಾಲುಗಳಾದವು. ‘ಹ್ಯಾಮ್ಲೆಟ್’ ಒಂದು ಪುಟಕ್ಕೆ ಇಳಿಯಿತು. ಒಂದೊಂದು ಗುಂಪೂ ತನಗೆ ನೋವಾಗುವುದನ್ನು ಬರೆಯಬೇಡಿ ಎಂದಿತು. ಉಳಿದದ್ದು ಯಾರಿಗೂ ನೋವಾಗದ, ಯಾರಿಗೂ ಬೇಡದ ಸರಕು. ಮನೆಗಳಿಗೆ ಬೆಂಕಿಯೇ ತಗುಲದ ಕಾಲ ಬಂದಾಗ ಫೈರ್‌ಮನ್‌ಗಳಿಗೆ ಈ ಹೊಸ ಕೆಲಸ ಕೊಟ್ಟರು. ಇದೆಲ್ಲ ಸರ್ಕಾರದಿಂದ ಕೆಳಗಿಳಿದು ಬಂದದ್ದಲ್ಲ ಎಂದು ಬೀಟಿ ಒತ್ತಿ ಹೇಳುತ್ತಾನೆ. ನಿಷೇಧ ಕೊನೆಯಲ್ಲಿ ಬಂತು. ಜನ ಅದಕ್ಕೂ ಮೊದಲೇ ಓದುವುದನ್ನು ಬಿಟ್ಟಿದ್ದರು.

ತೊಡಕು ಇರುವುದು ಇದರಲ್ಲಿ: ಹೀಗೆ ಹೇಳುತ್ತಿರುವವನು ಪುಸ್ತಕ ಸುಡುವವರ ಮುಖ್ಯಸ್ಥ. ಅಧಿಕಾರದಲ್ಲಿರುವವನು ‘ತಪ್ಪು ನಮ್ಮದಲ್ಲ, ಜನರದ್ದೇ’ ಎಂದರೆ ಅದನ್ನು ಹೇಗೆ ನಂಬುವುದು? ಬೀಟಿ ಚತುರ ಮಾತುಗಾರ. ತಾನು ಸುಡುವ ಪುಸ್ತಕಗಳ ಸಾಲುಗಳನ್ನೇ ಎತ್ತಿ ಎದುರಾಳಿಯನ್ನು ಬಾಯಿ ಮುಚ್ಚಿಸುವವನು. ಈ ಭಾಷಣ ಪ್ರಭುತ್ವದ ಪ್ರಚಾರವಷ್ಟೇ ಎಂದು ಓದುವುದಕ್ಕೂ ಕಾದಂಬರಿಯಲ್ಲಿ ಎಡೆಯಿದೆ. ಹಾಗೆ ಓದಿದರೆ ಇಡೀ ಕಾದಂಬರಿ ಸರ್ಕಾರದ ದಬ್ಬಾಳಿಕೆಯ ಕಥೆಯಾಗುತ್ತದೆ. ಅದರಲ್ಲಿ ಓದುಗನ ಪಾಲಿಗೆ ಯಾವ ಹೊಣೆಯೂ ಬರುವುದಿಲ್ಲ.

ಇದನ್ನು ಬಿಡಿಸಲು ಎರಡನೇ ಭಾಗದಲ್ಲಿ ಬರುವ ಫೇಬರ್‌ನ ಮಾತುಗಳಿಗೆ ಹೋಗಬೇಕು. ಫೇಬರ್ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕ. ಪುಸ್ತಕಗಳನ್ನು ಪ್ರೀತಿಸುವವನು, ಫೈರ್‌ಮನ್‌ಗಳೆಂದರೆ ಬೆದರುವವನು. ಅವನು ಕಲಿಸುತ್ತಿದ್ದ ಕಾಲೇಜು ನಲವತ್ತು ವರ್ಷಗಳ ಹಿಂದೆಯೇ ಮುಚ್ಚಿತ್ತು. ಏಕೆ? ಪೊಲೀಸರು ಬಂದು ಬೀಗ ಜಡಿದದ್ದರಿಂದಲ್ಲ. ವಿದ್ಯಾರ್ಥಿಗಳೂ ಪ್ರೋತ್ಸಾಹವೂ ಇಲ್ಲದ್ದರಿಂದ. ಫೈರ್‌ಮನ್‌ಗಳ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ, ಜನ ತಾವಾಗಿಯೇ ಓದು ನಿಲ್ಲಿಸಿದರು ಎಂದು ಮಾಂಟಾಗ್‌ಗೆ ಹೇಳುವವನೂ ಇವನೇ. ಎಲ್ಲ ಎತ್ತ ಸಾಗುತ್ತಿದೆ ಎಂದು ಕಂಡೂ ತಾನು ಸುಮ್ಮನಿದ್ದೆ ಎಂದು ನಾಚುತ್ತಾನೆ.

ಎರಡೂ ಮಾತುಗಳನ್ನು ಎದುರುಬದುರಾಗಿ ಇಟ್ಟು ನೋಡಿ. ಸುಡುವವನೂ ಉಳಿಸಬಯಸುವವನೂ ಒಂದೇ ಸಂಗತಿಗೆ ಸಾಕ್ಷಿ ಹೇಳುತ್ತಿದ್ದಾರೆ. ‘ಜನಕ್ಕೆ ಬೇಡ, ಆದ್ದರಿಂದ ಸುಡುವುದೇ ಸುಖ’ ಎನ್ನುತ್ತಾನೆ ಬೀಟಿ. ‘ಜನಕ್ಕೆ ಬೇಡವಾದಾಗ ನಾನು ಬಾಯಿ ಬಿಡಲಿಲ್ಲ’ ಎಂಬುದು ಫೇಬರ್‌ನ ನೋವು. ಅವರು ತಲುಪುವ ತೀರ್ಮಾನ ಬೇರೆ, ಒಪ್ಪುವ ಸಂಗತಿ ಒಂದೇ. ಶತ್ರುವಿನ ಮಾತನ್ನು ಮಿತ್ರನೇ ಅನುಮೋದಿಸಿದ ಮೇಲೆ ಅದನ್ನು ಪ್ರಚಾರ ಎಂದು ತಳ್ಳಿಹಾಕಲು ಬರುವುದಿಲ್ಲ.

ಈಗ ಚಿತ್ರಕ್ಕೆ ಬನ್ನಿ. ತ್ರೂಫೋ ಫೇಬರ್‌ನನ್ನು ಪೂರ್ತಿ ಕೈಬಿಟ್ಟಿದ್ದಾರೆ. ಬೀಟಿಯ ಭಾಷಣ ಮುದುಕಿಯೊಬ್ಬಳ ಮನೆಯ ಗುಪ್ತ ಗ್ರಂಥಾಲಯಕ್ಕೆ ವರ್ಗವಾಗಿದೆ. ಕಪಾಟುಗಳ ನಡುವೆ ಸುತ್ತಾಡುತ್ತಾ, ಕಾದಂಬರಿಗಳು ಜನರ ನೆಮ್ಮದಿ ಕೆಡಿಸುತ್ತವೆ, ಎಲ್ಲರೂ ಸಮಾನರಾದರೆ ಮಾತ್ರ ಸುಖ ಎನ್ನುತ್ತಾನೆ; ಹಿಟ್ಲರನ ‘ಮೈನ್ ಕಾಂಫ್’ ಅನ್ನೂ ಎತ್ತಿ ತೋರಿಸುತ್ತಾನೆ. ಸಿರಿಲ್ ಕ್ಯೂಸಾಕ್ ಅದನ್ನು ಚೆನ್ನಾಗಿಯೇ ನಟಿಸಿದ್ದಾರೆ. ಆದರೆ ದಶಕಗಳ ಇತಿಹಾಸ ಹೋಗಿದೆ, ಎರಡನೇ ಸಾಕ್ಷಿಯೂ ಹೋಗಿದ್ದಾನೆ. ಉಳಿದದ್ದು ಅಧಿಕಾರಿಯೊಬ್ಬನ ವಾದ. ಚಿತ್ರ ನೋಡಿದವರು ‘ಯಾರು ನಿಷೇಧಿಸಿದರು’ ಎಂದು ಕೇಳುತ್ತಾರೆ. ‘ಯಾರು ಕೈಬಿಟ್ಟರು’ ಎಂಬ ಪ್ರಶ್ನೆ ಅವರಿಗೆ ಏಳುವುದೇ ಇಲ್ಲ.

ಹಣ ಕೊಡುವವರು ಯಾರು?

ಉಳಿದ ವ್ಯತ್ಯಾಸಗಳನ್ನು ತೂಗಲು ನನಗೆ ಈ ಒಂದು ಪ್ರಶ್ನೆ ಸಾಕಾಯಿತು. ಕಾದಂಬರಿಯಲ್ಲಿ ಮಾಂಟಾಗ್‌ನ ಹೆಂಡತಿ ಮಿಲ್ಡ್ರೆಡ್‌ಳ ಕೋಣೆಯ ಮೂರು ಗೋಡೆಗಳು ಟಿ.ವಿ. ಪರದೆಗಳು. ಅವಳಿಗೆ ನಾಲ್ಕನೆಯದೂ ಬೇಕು. ಬೆಲೆ 2000 ಡಾಲರ್, ಗಂಡನ ವರ್ಷದ ಸಂಬಳದ ಮೂರನೇ ಒಂದು ಪಾಲು. ಮೂರನೆಯದು ಬಂದು ಎರಡೇ ತಿಂಗಳಾಗಿದೆ. ಯಾವ ಸರ್ಕಾರವೂ ಅವಳಿಗೆ ಕೊಳ್ಳು ಎಂದು ಹೇಳಿಲ್ಲ. ಬೀಟಿ, ಫೇಬರ್ ಇಬ್ಬರೂ ಹೇಳಿದ್ದಕ್ಕೆ ಇದು ಮನೆಯೊಳಗಿನ ರುಜುವಾತು. ಕಾದಂಬರಿಯಲ್ಲಿ ತಪ್ಪಿಸಿಕೊಂಡವರನ್ನು ಬೆನ್ನಟ್ಟುವ ಯಂತ್ರನಾಯಿ ಚಿತ್ರದಲ್ಲಿ ಇಲ್ಲ. ಈ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲದ್ದರಿಂದ ನನಗೆ ಅದು ದೊಡ್ಡ ನಷ್ಟವೆನಿಸಲಿಲ್ಲ.

ಚಿತ್ರ ಗೆಲ್ಲುವ ಜಾಗಗಳು

ಚಿತ್ರದ ಆರಂಭದಲ್ಲಿ ಬರುವ ಕಲಾವಿದರ, ತಂತ್ರಜ್ಞರ ಹೆಸರುಪಟ್ಟಿಯಲ್ಲಿ ಒಂದಕ್ಷರವೂ ಇಲ್ಲ. ಮನೆಗಳ ಮೇಲಿನ ಆಂಟೆನಾಗಳನ್ನು ತೋರಿಸುತ್ತಾ ಹೆಸರುಗಳನ್ನು ಓದಿ ಹೇಳುತ್ತಾರೆ. ಓದು ಇಲ್ಲದ ಲೋಕಕ್ಕೆ ನಮ್ಮನ್ನು ನೇರ ಒಯ್ಯುವ ಈ ಕೆಲಸ ಅಚ್ಚಾದ ಪುಟಕ್ಕೆ ಸಾಧ್ಯವೇ ಇಲ್ಲ. ಇನ್ನೊಂದು, ಮಾಂಟಾಗ್ ‘ಡೇವಿಡ್ ಕಾಪರ್‌ಫೀಲ್ಡ್’ ತೆರೆಯುವ ದೃಶ್ಯ. ಅವನು ಕಥೆಗೆ ಹಾರುವುದಿಲ್ಲ. ಶೀರ್ಷಿಕೆಪುಟದಿಂದ ಶುರುಮಾಡಿ ಪ್ರಕಾಶಕರ ವಿವರವನ್ನೂ ಬಿಡದೆ, ಸಾಲಿನ ಕೆಳಗೆ ಬೆರಳಿಟ್ಟು ತಡೆತಡೆದು ಓದುತ್ತಾನೆ. ಯಾವುದನ್ನು ಬಿಡಬಹುದೆಂದು ತಿಳಿಯದ, ಓದಿನ ರೂಢಿಯೇ ಇಲ್ಲದ ದೊಡ್ಡ ಮನುಷ್ಯನನ್ನು ಆಸ್ಕರ್ ವೆರ್ನರ್ ಅಲ್ಲಿ ಕಣ್ಣೆದುರು ನಿಲ್ಲಿಸುತ್ತಾರೆ. ಹೆಂಡತಿ ಮತ್ತು ಮಾಂಟಾಗ್‌ನನ್ನು ಯೋಚನೆಗೆ ಹಚ್ಚುವ ನೆರೆಯ ಹುಡುಗಿ ಕ್ಲಾರಿಸ್, ಎರಡೂ ಪಾತ್ರಗಳನ್ನು ಜೂಲಿ ಕ್ರಿಸ್ಟಿಯೇ ಮಾಡಿದ್ದಾರೆ, ಜಾಣ ಆಯ್ಕೆ. ಕಾದಂಬರಿಯಲ್ಲಿ ಕಣ್ಮರೆಯಾಗುವ ಕ್ಲಾರಿಸ್ ಚಿತ್ರದಲ್ಲಿ ಬದುಕುಳಿಯುತ್ತಾಳೆ. ಬ್ರಾಡ್‌ಬರಿ ಅದನ್ನು ಮೆಚ್ಚಿ, ತಮ್ಮ ನಾಟಕರೂಪದಲ್ಲೂ ಅವಳನ್ನು ಉಳಿಸಿಕೊಂಡರು.

ಕೊನೆಯ ಭಾಗದಲ್ಲಂತೂ ಚಿತ್ರವೇ ಮೇಲು. ಮಾಂಟಾಗ್ ಓಡಿಹೋಗಿ ಸೇರುವ ಕಾಡಿನಲ್ಲಿ ಒಬ್ಬೊಬ್ಬರೂ ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಸಾಯುತ್ತಿರುವ ಮುದುಕನೊಬ್ಬ ಸ್ಟೀವನ್‌ಸನ್‌ರ ‘ವಿಯರ್ ಆಫ್ ಹರ್ಮಿಸ್ಟನ್’ ಅನ್ನು ಹುಡುಗನಿಗೆ ದಾಟಿಸುತ್ತಿದ್ದಾನೆ. ಲೇಖಕ 1894ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತ ಕಾದಂಬರಿ ಅದು. ಬ್ರಾಡ್‌ಬರಿಯಲ್ಲಿ ಇಲ್ಲದ ಈ ಪ್ರಸಂಗ ಬ್ರಾಡ್‌ಬರಿಯ ಯೋಚನೆಯನ್ನು ಅವರಿಗಿಂತ ಚೆನ್ನಾಗಿ ತೋರಿಸುತ್ತದೆ. ಕಾದಂಬರಿಯಲ್ಲಿ ಈ ಗುಂಪಿನ ಮುಖಂಡ ಗ್ರೇಂಜರ್, ಸುಟ್ಟ ಬೂದಿಯಿಂದ ಮತ್ತೆ ಹುಟ್ಟುವ ಫೀನಿಕ್ಸ್ ಹಕ್ಕಿಯನ್ನು ನೆನೆಯುವ ಮಾತು ಇದರ ಮುಂದೆ ಉಪದೇಶದಂತೆ ಕೇಳಿಸುತ್ತದೆ. ಆದರೆ ಕಾದಂಬರಿಯಲ್ಲಿ ಯುದ್ಧ ನಗರವನ್ನು ಕ್ಷಣದಲ್ಲಿ ಅಳಿಸುತ್ತದೆ, ಇವರು ಅತ್ತ ಹೊರಡುತ್ತಾರೆ. ಕಂಠಸ್ಥ ಮಾಡಿದ್ದಕ್ಕೆ ಒಂದು ಕೆಲಸವಿದೆ. ಚಿತ್ರದಲ್ಲಿ ಯುದ್ಧವಿಲ್ಲ, ಹಿಂದಿರುಗುವುದೂ ಇಲ್ಲ.

2018ರಲ್ಲಿ ರಮೀನ್ ಬಹ್ರಾನಿ ತೆಗೆದ ಚಿತ್ರವನ್ನೂ ಹೋಲಿಕೆಗೆ ಸೇರಿಸಬೇಕಿದ್ದರೆ ‘ಹಣ ಕೊಡುವವರು ಯಾರು’ ಎಂಬ ಪ್ರಶ್ನೆಯನ್ನೇ ಕೇಳಿ. ಅದರಲ್ಲಿ ಮಾಂಟಾಗ್‌ಗೆ ಹೆಂಡತಿಯೇ ಇಲ್ಲ. ಸ್ವಂತ ದುಡ್ಡು ಕೊಟ್ಟು ನಾಲ್ಕನೇ ಗೋಡೆ ತರಿಸುವವಳು ಹೋದ ಮೇಲೆ, ಉಳಿಯುವುದು ಸರ್ಕಾರ ಮತ್ತು ಬಂಡಾಯಗಾರರ ಜಗಳ ಮಾತ್ರ.